ಹತ್ತದ ಹಡಗಿನ ಕಿಟಕಿಗಳು

ಪರಸಪ್ಪ, ನಾನು ಹಡಗು ಹತ್ತಲಿಲ್ಲ. ಕಡಲಾಚೆಯ ಬಸ್ರಾ ನೋಡಲಿಲ್ಲ. ಮುಂಬಯಿ ಬಂದರಿನ ಧಕ್ಕೆಯವರೆಗೆ ಹೋದವನು ಅಲ್ಲಿಂದಲೇ ಹಿಂದಿರುಗಿದೆ. ಈ ಎಂಟು ವರ್ಷ ನಾನು ಹೇಳಿಕೊಂಡು ಬಂದ ಸಮುದ್ರಯಾನ ಪೂರ್ತಿ ಸುಳ್ಳು. ನೀನು ಹೇಳಿದ್ದು ನಿಜ.

ಇಷ್ಟು ಬರೆಯುವಷ್ಟರಲ್ಲೇ ನನ್ನ ಬುದ್ಧಿ ವಾದಕ್ಕೆ ಎದ್ದು ನಿಂತಿತು. ಹೈದರಾಬಾದಿನ ಕಾಲೇಜಿನ ಚರ್ಚಾಕೂಟದಲ್ಲಿ ಬೆಳೆದ ಬುದ್ಧಿ ಅದು. ತಪ್ಪು ಒಪ್ಪಿಕೊಳ್ಳುವ ಮೊದಲೇ ಸಮಜಾಯಿಷಿ ಹುಡುಕುತ್ತದೆ. ಇವತ್ತು ಅದು ಕೊಟ್ಟ ಸಮಜಾಯಿಷಿಗಳನ್ನೆಲ್ಲ ಗೀಟು ಎಳೆದು ಹೊಡೆದುಹಾಕುತ್ತ ಬರೆಯುತ್ತಿದ್ದೇನೆ.

ಕೊಪ್ಪಳದ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ಹಿರಿಯರನ್ನು ಎಷ್ಟು ಹಂಗಿಸಿದ್ದೆ! ಸಮುದ್ರ ದಾಟಿದರೆ ಕುಲ ಕೆಡುತ್ತದೆ ಅಂದವರಿಗೆ, "ಕೆಟ್ಟ ಕುಲಾನ ಕಣ್ಣಾರೆ ಕಂಡೀರೇನ್ರಿ? ಯಾವ ಬಣ್ಣ ಇತ್ತು?" ಎಂದು ಕೇಳಿ ನಗಿಸಿದ್ದೆ. ಆ ಉಮೇದಿಯಲ್ಲೇ ಬಸ್ರಾ ನೋಡಿ ಬರುತ್ತೇನೆಂದು ಎಲ್ಲರೆದುರು ಸವಾಲು ಹಾಕಿ ರೈಲು ಹತ್ತಿದೆ. ಧಕ್ಕೆಯಲ್ಲಿ ಹಡಗಿಗೆ ಹಲಗೆ ಚಾಚಿದ್ದರು. ಹಡಗಿಗೂ ದಡಕ್ಕೂ ನಡುವೆ ಒಂದು ಮೊಳ ನೀರು. ಕಪ್ಪಗೆ, ಮಲಗಿದವರ ಎದೆಯ ಹಾಗೆ ಏರುತ್ತ ಇಳಿಯುತ್ತ... ನಾನು ಕಾಲು ಎತ್ತಿದೆ — ಇಡಲಿಲ್ಲ.

ಆಮೇಲೆ ಎರಡು ತಿಂಗಳು ಮುಂಬಯಿಯಲ್ಲೇ, ಗಿರಗಾಂವಿನಲ್ಲಿ ಗೆಳೆಯನ ಖೋಲಿಯಲ್ಲಿ ಉಳಿದೆ. ದಿನಾ ಸಂಜೆ ಮರಳಿನ ಮೇಲೆ ಮಲಗಿ, ಹೋಗುವ ಹಡಗುಗಳು ತೆಳುವಾಗಿ, ಹೊಗೆಯಾಗಿ, ಮುಗಿಲಿನಲ್ಲಿ ಅಳಿಸಿಹೋಗುವುದನ್ನು ನೋಡುತ್ತಿದ್ದೆ. ಅರೆನಿದ್ದೆಯಲ್ಲಿ ಅವುಗಳ ಜೊತೆ ನಾನೂ ಹೋಗುತ್ತಿದ್ದೆ. ಊರಿಗೆ ಬರುವ ಹೊತ್ತಿಗೆ ಬಸ್ರಾದ ಖರ್ಜೂರದ ತೋಪು ನನಗೆ ಕೊಪ್ಪಳದ ಕೋಟೆಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡಿ ಬಂದೆನೆಂದೇ ಊರಿಗೆಲ್ಲ ಹೇಳಿದೆ. ಏನು ಹೇಳಲಿ, ಆ ತೋಪು ಈಗಲೂ ಕಾಣುತ್ತದೆ.

ಆಮೇಲೊಮ್ಮೆ ಕಿನ್ನಾಳಕ್ಕೆ, ನಿಮ್ಮ ಮನೆಗೆ, ಅಕ್ಕನ ಮಗುವಿಗೊಂದು ಮರದ ಗೊಂಬೆ ತರಲು ಬಂದಿದ್ದೆ. ನಿಮ್ಮಪ್ಪ ಯಮನಪ್ಪ ಕಾಕಾ ಗೊಂಬೆಗೆ ಹಚ್ಚುವ ಹುಣಸೆಬೀಜದ ಅಂಟು ಕಲಸುತ್ತ ಕೂತಿದ್ದರು.

"ತಮ್ಮಾ, ಒಂದು ಹಡಗ ಮಾಡಬೇಕಂತ ಭಾಳ ದಿನದಿಂದ ಆಸೆ. ಕಂಡವರು ಹೇಳಲಾರದ ನಾ ಕೆತ್ತಂಗಿಲ್ಲ. ಅದರಾಗ ಮಲಕೊಂಡ್ರ ಮುಗಲು ಕಾಣತೈತೇನು?"

"ಕಾಣತೈತಿ ಕಾಕಾ. ಒಬ್ಬೊಬ್ಬರ ತಲಿ ಹಂತೇಕ ಒಂದೊಂದು ಕಿಟಕಿ. ಹಕ್ಕಿ ಬಂದು ಕೂಡತಾವ."

ಇದನ್ನು ನಾನು ಎಷ್ಟು ಪ್ರೀತಿಯಿಂದ ಹೇಳಿದೆ! ಕಾಕಾ ಹಡಗು ಕೆತ್ತಿದರು, ಬಣ್ಣ ಹಚ್ಚಿದರು. ದೇವರ ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ, ಬರೆದ ಮೇಲೆ ಮತ್ತೆ ಕುಂಚ ಮುಟ್ಟಿಸುವಂತಿಲ್ಲ — ಅದು ನಿಮ್ಮ ಮನೆತನದ ಕಟ್ಟಳೆ. ಹಡಗಿನ ಕಿಟಕಿಗಳನ್ನೂ ಅವರು ಹಾಗೆಯೇ, ಕಣ್ಣು ಬರೆದಂತೆ, ಉಸಿರು ಹಿಡಿದು ಬರೆದರು. ಸಾಲಾಗಿ ಹನ್ನೆರಡು, ನೀಲಿ.

ಯುದ್ಧ ಬಂತು, ಇಂಗ್ಲಿಷರ ದಂಡಿಗೆ ಕೂಲಿಯವರು ಬೇಕಾದರು. ಬಸ್ರಾದ ಬಂದರಿನಲ್ಲಿ ಕೂಲಿಗೆ ಹೋಗುತ್ತೇನೆಂದು ನೀನು ಹಟ ಹಿಡಿದೆ. ಕಾಕಾ ಒಪ್ಪಲಿಲ್ಲ. ಒಂದು ದಿನ, ನಾನು ಎದುರಿಗೆ ಕೂತಿದ್ದಾಗಲೇ, ಗೋಡೆಯ ಮಾಡದಲ್ಲಿಟ್ಟ ಆ ಹಡಗನ್ನು ಬಹಳ ಹೊತ್ತು ನೋಡಿ, "ಕಿಟಕಿ ಅದಾವಲ್ಲ... ಹೋಗಿ ಬಾ" ಅಂದರು. ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಮೂರು ವರ್ಷಕ್ಕೆ ನೀನು ಸೊರಗಿ ಬಂದೆ. ಹಡಗನ್ನು ಕೈಗೆತ್ತಿಕೊಂಡು ನಕ್ಕೆಯಂತೆ: "ಯಪ್ಪಾ, ಇವೆಲ್ಲಿ ಕಿಟಕಿ? ನಮ್ಮನ್ನ ತಳದಾಗ ಹಾಕಿದ್ರು. ಹಗಲು ಯಾವುದು, ರಾತ್ರಿ ಯಾವುದು ತಿಳೀಲಿಲ್ಲ."

ಕಣ್ಣು ಬರೆದವರಿಗೆ ಆ ಮಾತು ಹೇಗಾಗಿರಬೇಕು! ಸುಳ್ಳಿಗೆ ಕಣ್ಣು ಬರೆದರೆಂದಾಗುತ್ತದೆ, ಅಳಿಸುವಂತೆಯೂ ಇಲ್ಲ. ಕಾಕಾ ನನಗೆ ಹೇಳಿ ಕಳಿಸಿದರು. ನಿಮ್ಮ ಓಣಿಯ ಕಟ್ಟೆಯ ಮೇಲೆ ಹತ್ತು ಜನ. ನಾನು ಚರ್ಚಾಕೂಟದ ಗತ್ತಿನಲ್ಲಿ ಎದ್ದು ನಿಂತೆ.

"ಹಡಗಿನ ಮ್ಯಾಲಿನ ಅಂತಸ್ತು ಕಂಡೀಯೇನು?"

"ಇಲ್ರಿ ಅಣ್ಣಾರ. ಬಿಡಲಿಲ್ರಿ."

"ಎಷ್ಟು ದಿನದ ಹಾದಿ?"

"ಲೆಕ್ಕ ತಪ್ಪಿತ್ರಿ."

"ಅಂದ್ರ ಕಾಣಲಾರದ್ದರ ಬಗ್ಗೆ ಮಾತಾಡಾಕತ್ತಿ."

ನೀನು ನನ್ನನ್ನು ದಿಟ್ಟಿಸಿ ನೋಡಿದೆ. ಆಮೇಲೆ ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದೆ: "ಅಣ್ಣಾರ, ನಿಮಗ ವಾಂತಿ ಆಗಲಿಲ್ಲೇನ್ರಿ?"

ಹಡಗು ಹತ್ತಿದವರಿಗೆ ವಾಂತಿ ಆಗುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಅದಕ್ಕೇ ನಕ್ಕೆ. ನಾನು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ನಿನ್ನ ಕಡೆ ಕೈ ಮಾಡಿ "ಇವ ಹೋಗೇ ಇಲ್ಲ ಬಿಡ್ರಿ" ಅಂದು ಒಳಗೆ ಹೋದರು. ಮುಂಬಯಿಯ ಗಿರಣಿಯಲ್ಲಿ ಅಡಗಿದ್ದು ಬಂದವನು ಎಂದು ಊರು ನಿನಗೆ ಹೆಸರಿಟ್ಟಿತು. "ಏ ಗಿರಣಿ ಪರಸ್ಯಾ, ಸೀಟಿ ಹೊಡೀತು, ಏಳೋ!" — ಮುಂಬಯಿಯಲ್ಲಿ ಅಡಗಿದ್ದವನು ನಾನು. ಹೆಸರು ಹೊತ್ತವನು ನೀನು.

ಮೊನ್ನೆ ನಾನು ನಿಮ್ಮ ಮನೆಗೆ ಬಂದಾಗ ಕಾಕಾ ಯಾರೋ ಗಿರಾಕಿಗೆ ಹಡಗು ತೋರಿಸುತ್ತಿದ್ದರು. "ಈ ತಮ್ಮ ಹೋಗಿ ಬಂದಾನ. ಇಂವ ಹೇಳಿದ್ದನ್ನ ಮಾಡೀನ್ರಿ." ನೀನು ಪಕ್ಕದಲ್ಲೇ ಮರ ಉಜ್ಜುತ್ತಿದ್ದೆ. ತಲೆ ಎತ್ತಲಿಲ್ಲ. ನಿನ್ನ ಕೈ ಮಾತ್ರ ಒಂದು ಗಳಿಗೆ ನಿಂತು, ಮತ್ತೆ ಉಜ್ಜತೊಡಗಿತು. ಅಂದಿನಿಂದ ನನ್ನ ಖರ್ಜೂರದ ತೋಪಿನಲ್ಲಿ ಆ ಸದ್ದೇ ಕೇಳುತ್ತಿದೆ.

ನಿನಗೆ ಓದಲು ಬರುವುದಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ಇದನ್ನು ತೆಗೆದುಕೊಂಡು ಕಿನ್ನಾಳಕ್ಕೆ ಬರುತ್ತೇನೆ. ಅದೇ ಕಟ್ಟೆ, ಆದಷ್ಟು ಅದೇ ಜನ, ಕಾಕಾ ಇರಬೇಕು. ಮೊದಲ ಸಾಲಿನಿಂದ ಜೋರಾಗಿ ಓದುತ್ತೇನೆ. ಕಿಟಕಿಗಳನ್ನು ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಓದಿ ಮುಗಿಸಿ ಕೆಳಗೆ ಕೂರುತ್ತೇನೆ. ನೀನು ಹಡಗಿನ ತಳದ ಮಾತು ಹೇಳಿದರೆ ಕೇಳುತ್ತೇನೆ, ನಡುವೆ ಬಾಯಿ ಹಾಕದೆ. ಹೇಳದೆ ಎದ್ದು ಹೋದರೂ ನಿನ್ನ ಹಿಂದೆ ಬರುವುದಿಲ್ಲ.

ನಿನ್ನ ಪ್ರಶ್ನೆ ಒಂದು ಉಳಿದಿದೆ. ಇಲ್ಲ, ಪರಸಪ್ಪ. ನನಗೆ ವಾಂತಿ ಆಗಲಿಲ್ಲ.