ಲೈನು ಕಟ್ಟಾದರೆ ಆಗಲಿ

ಉಣಕಲ್ಲಿನ ನಮ್ಮ ಮನೆಯಲ್ಲಿ ಇಂಟರ್‌ನೆಟ್ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ: ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡೇಟಾ ಕಾರ್ಡುಗಳು ಹೊಸದಾಗಿ ಬಂದ ಆ ವರ್ಷಗಳಲ್ಲಿ ನನ್ನ ಆಫೀಸೂ ಅದೇ. ಕೂರಲು ಸ್ಟೂಲು, ಬಿಸಿಲಿಗೆ ಛತ್ರಿ. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನಗೆ ನೌಕರಿ. ಅದರ ದೊಡ್ಡ ಕಂಪ್ಯೂಟರು ಇದ್ದದ್ದು ಪುಣೆಯ ಹೆಡ್ಡಾಫೀಸಿನಲ್ಲಿ. ನಾನು ಇಲ್ಲಿ ಕಪ್ಪು ಪರದೆಯ ಮೇಲೆ ಅಪ್ಪಣೆ ಟೈಪು ಮಾಡಬೇಕು, ಅದು ಅಲ್ಲಿ ಪಾಲಿಸಬೇಕು.

ಅಪ್ಪಣೆ ಕೊಡುವವನ ಪಾಡು ಮಾತ್ರ ಕೇಳಬೇಡಿ. ಮೋಡ ಬಂದರೆ ಲೈನು ಕಟ್, ನಾನು ಕಾಲು ಬದಲಿಸಿ ಕೂತರೂ ಕಟ್. ಲೈನು ಹೋದೊಡನೆ ಪುಣೆಯ ಕಂಪ್ಯೂಟರು ನಾನು ಸತ್ತೆನೆಂದೇ ತಿಳಿದು ಕೆಲಸವನ್ನು ಅರ್ಧಕ್ಕೇ ಕೈಬಿಡುತ್ತಿತ್ತು. ಇಷ್ಟು ಲಗುಬಗೆಯಿಂದ ತಿಥಿ ಮುಗಿಸುವ ನೆಂಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪುಣೆಯ ಸಾಹೇಬರು ಮೂಲತಃ ಬೆಳಗಾವಿ ಕಡೆಯವರು. ಫೋನಿನಲ್ಲಿ ಅವರದು ಒಂದೇ ರಾಗ: "ನಿಮ್ಮ ಲೈನ್ ಮ್ಯಾಲ ನನಗ ಭರೋಸಾ ಇಲ್ರಿ. ಗಂಟುಮೂಟಿ ಕಟ್ಟಿ ಪುಣೇಕ್ಕ ಬಂದುಬಿಡ್ರಿ." ಮುಂದಿನ ಭಾನುವಾರ ಅಲ್ಲಿನ ಹಳೆಯ ಕಂಪ್ಯೂಟರಿನ ಮಾಹಿತಿಯನ್ನೆಲ್ಲ ಹೊಸದಕ್ಕೆ ಸಾಗಿಸುವುದಿತ್ತು. "ಅವತ್ತ ಕೆಲಸ ನಡುವ ನಿಂತ್ರ ಮುಗೀತ್ ನೋಡ್ರಿ. ಪುಣೇಕ್ಕ ನಿಮ್ಮ ಬದಲಿ ಆರ್ಡರ್ ತಯಾರ್ ಐತಿ" ಎಂದರು.

ನನಗೆ ಉಣಕಲ್ ಬಿಡುವುದು ಬೇಕಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲಾರೆ, ನನ್ನೂರಲ್ಲಿ ನಾನಿರಲು ಕಾರಣ ಯಾಕೆ ಕೊಡಬೇಕು? ಸಿಗ್ನಲ್ ಎಲ್ಲಿ ಛಲೋ ಇದೆಯೋ ಅಲ್ಲಿಗೆ ಸಂಸಾರ ಹೊತ್ತುಕೊಂಡು ಹೋಗಬೇಕೆಂಬುದು ಯಾವ ಊರಿನ ನ್ಯಾಯ? ನನಗೆ ಸಿಟ್ಟೇ ಬಂತು.

ಕಟ್ಟಾದ ಮಾತು ಸತ್ತ ಮಾತಲ್ಲ ಎಂಬುದಕ್ಕೆ ಎದುರುಮನೆಯ ನೀಲಕ್ಕನೇ ಸಾಕ್ಷಿ. ಒಮ್ಮೆ ಬಸ್‌ಸ್ಟಾಪಿನಲ್ಲಿ "ಎಣ್ಣಿಗಾಯಿ ರುಚಿ ಆಗಬೇಕಂದ್ರ..." ಎನ್ನುವಷ್ಟರಲ್ಲಿ ಬಸ್ಸು ಬಂತು, ತವರಿಗೆ ಹೊರಟುಹೋದರು. ತಿಂಗಳಾದ ಮೇಲೆ ಬಸ್ಸಿಳಿದವರು ಕ್ಷೇಮ ಸಮಾಚಾರ ಒಂದನ್ನೂ ಕೇಳದೆ, "ಗುರೆಳ್ಳು ಹಾಕಬೇಕೋ ತಮ್ಮಾ, ಬರೇ ಶೇಂಗಾ ಸಾಲಂಗಿಲ್ಲ" ಎಂದರು. ನಮ್ಮ ಕಡೆ ಹೀಗೇ. ಆಡುವವರು ಎದ್ದುಹೋದರೂ ಮಾತು ಕಟ್ಟೆಯ ಮೇಲೆ ಕಾಯುತ್ತ ಕೂತಿರುತ್ತದೆ.

ಕಂಪ್ಯೂಟರಿಗೆ ಈ ರೂಢಿ ಕಲಿಸುವ ಪುಟ್ಟ ಪ್ರೋಗ್ರಾಮೊಂದಿದೆ, 'ಸ್ಕ್ರೀನ್' ಅಂತ. ಕೆಲಸವನ್ನು ಅದರೊಳಗೆ ಶುರುಮಾಡಿದರೆ, ನಮ್ಮ ಲೈನು ಹೋದರೂ ಕೆಲಸ ಅಲ್ಲಿ ತನ್ನ ಪಾಡಿಗೆ ನಡೆದಿರುತ್ತದೆ. ಲೈನು ಬಂದಾಗ ಬಿಟ್ಟ ಪರದೆಗೇ ಮರಳಿ ಕೂರಬಹುದು. ಇದೊಂದನ್ನು ನಂಬಿ ನಾನು ಸಾಹೇಬರಿಗೆ "ಆಗ್ಲಿರಿ, ನೋಡೇಬಿಡೂಣು" ಎಂದುಬಿಟ್ಟೆ.

ಭಾನುವಾರ ಗಾಳಿಯೋ ಗಾಳಿ. ಲೈನು ಹೋಯಿತು, ಬಂತು, ಮತ್ತೆ ಹೋಯಿತು. ಹೋದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದ ನಾನು ಆ ದಿನ ಕೆಳಗಿಳಿದು ಚಹಾ ಕುಡಿದು ಬಂದೆ. ಸಂಜೆಗೆ ಮಾಹಿತಿಯೆಲ್ಲ ಹೊಸ ಕಂಪ್ಯೂಟರು ಸೇರಿತ್ತು.

ಸಾಹೇಬರಿಗೆ ಫೋನು ಹಚ್ಚಿದೆ. "ಲೈನ್ ಕಟ್ ಆಗಲಿಲ್ಲೇನ್ರಿ?" ಎಂದರು.

"ಆತ್ರಿ, ಬೇಕಾದಷ್ಟ್ ಸಲ ಆತು. ಕೆಲಸ ಮಾತ್ರ ನಿಂತಿಲ್ರಿ."

ಸಾಹೇಬರು ಬಿಡಲಿಲ್ಲ. "ಅದೆಲ್ಲಾ ಖರೇರಿ, ಆದ್ರೂ ನೀವು ಪುಣೇಕ್ಕ..." ಎನ್ನುವಷ್ಟರಲ್ಲಿ ಫೋನೇ ಕಟ್ಟಾಯಿತು.

ಬಿಟ್ಟಲ್ಲಿಂದ ಹಿಡಿಯುವುದು ಜಾಣತನ, ಒಪ್ಪಿದೆ. ಆದರೆ ಎಲ್ಲ ಮಾತನ್ನೂ ಹಿಡಿಯಲೇಬೇಕೆಂದು ಯಾರೂ ಹೇಳಿಲ್ಲವಲ್ಲ! ಮೊಬೈಲನ್ನು ಕಿಸೆಗೆ ಹಾಕಿಕೊಂಡು, ಯಾವ ಸಿಗ್ನಲ್ಲೂ ಹೊಗದ ನಮ್ಮ ಅಡಿಗೆಮನೆಗೆ ಊಟಕ್ಕಿಳಿದೆ. ಸಾಹೇಬರ ಆ ಮಾತು ಇಂದಿಗೂ ಅರ್ಧಕ್ಕೇ ನಿಂತಿದೆ. ನಾನು ಉಣಕಲ್ಲಿನಲ್ಲೇ ಇದ್ದೇನೆ.