ಅವಳ ಹತ್ತು ನಿಮಿಷ

ಆ ವರ್ಷದ ನನ್ನ ಡೈರಿಯಲ್ಲಿ ಪ್ರತಿ ಪಂದ್ಯದ ತಾರೀಖಿನ ಕೆಳಗೂ ಎರಡು ಸಾಲುಗಳಿವೆ. ಒಂದು ನಾನು ಆಡಿದ ನಿಮಿಷಗಳು, ಇನ್ನೊಂದು ಅವಳು ಆಡಿದ ನಿಮಿಷಗಳು. ತಂಡದಲ್ಲಿ ಬೇರೆ ಹುಡುಗಿಯರೂ ಇದ್ದರು. ಅವರ ಲೆಕ್ಕ ನನಗೆ ಬೇಕಿರಲಿಲ್ಲ.

ನಾನು ಮುಳಬಾಗಿಲಿನವಳು. ಅಪ್ಪ ಲೆಕ್ಕಪತ್ರ ಬರೆಯುವವರು. ಗ್ಯಾಸ್ ಸಿಲಿಂಡರ್ ಬಂದರೂ, ನೆಂಟರು ಬಂದರೂ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಬೀಳುತ್ತಿತ್ತು. ಆ ಅಭ್ಯಾಸ ನನಗೂ ಹತ್ತಿತು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಆಡುವುದಕ್ಕೇ ಸಂಬಳ. ಮಧ್ಯಾಹ್ನದವರೆಗೆ ಸ್ಟೋರ್ಸ್‌ನಲ್ಲಿ ಕೂತರಾಯಿತು, ಆಮೇಲೆ ಅಂಗಳ. ಒಪ್ಪಂದ ಮಾತ್ರ ವರ್ಷವರ್ಷವೂ ಹೊಸದಾಗಬೇಕು. ಆ ವರ್ಷ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು: ರಾಜ್ಯ ಲೀಗಿನಲ್ಲಿ ಕೆಳಗಿನ ದರ್ಜೆಗೆ ಇಳಿದರೆ ತಂಡ ಮುಚ್ಚುತ್ತೇವೆ. ತಂಡ ಮುಚ್ಚಿದರೆ ನಮ್ಮ ಕೆಲಸವೂ ಮುಗಿದಂತೆ.

ಅಂಥ ವರ್ಷದಲ್ಲಿ ನಮ್ಮ ಕೋಚ್ ಹದಿನೇಳರ ಒಬ್ಬ ಹುಡುಗಿಯನ್ನು ಕರೆತಂದರು. ಶಿವಾರಪಟ್ಟಣದವಳು, ವಿಗ್ರಹ ಕೆತ್ತುವವರ ಮನೆಯ ಮಗಳು. ಉದ್ದ ತೋಳು, ಉದ್ದ ಬೆರಳು. ಚೆಂಡು ಎಸೆಯುವ ಮುಂಚೆ ಅದನ್ನು ಬಾಯಿಯ ಹತ್ತಿರ ತಂದು ಫೂ ಎಂದು ಊದುತ್ತಿದ್ದಳು, ಅಪ್ಪನ ಉಳಿಯ ಕೆಳಗಿನ ಕಲ್ಲುಪುಡಿ ಊದಿ ಊದಿ ಬಂದ ಅಭ್ಯಾಸವಂತೆ. ಎಲ್ಲರಿಗೂ ಅದು ಮುದ್ದಾಗಿ ಕಾಣುತ್ತಿತ್ತು. ಅವಳು ಆಡುತ್ತಿದ್ದುದು ನನ್ನ ಜಾಗದಲ್ಲಿ, ಚೆಂಡನ್ನು ಮುಂದಕ್ಕೆ ಒಯ್ದು ಆಟ ಕಟ್ಟುವ ಜಾಗದಲ್ಲಿ. ನಮ್ಮ ತಂಡ ಆಡುವ ರೀತಿಯಲ್ಲಿ ಅಲ್ಲಿಗೆ ಒಬ್ಬರೇ ಸಾಕು.

ಕೋಚ್ ಶ್ರೀನಿವಾಸಪುರದ ಕಡೆಯವರು, ನಿವೃತ್ತ ಪಿ.ಟಿ. ಮೇಷ್ಟ್ರು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹೇಳಿದರು:

"ನೋಡ್ರಮ್ಮಾ, ಪ್ರತಿ ಮ್ಯಾಚಲ್ಲೂ ಪಾಪಂಗೆ ಹತ್ತು ನಿಮಿಷ. ಗೆಲ್ತಾ ಇದ್ರೂ ಅಷ್ಟೇ, ಸೋಲ್ತಾ ಇದ್ರೂ ಅಷ್ಟೇ. ಈ ವರ್ಷ ಗೆಲ್ಲೋಕೆ ನೀವಿದ್ದೀರಿ. ಬರೋ ವರ್ಷಕ್ಕೆ ಎವರು ಉನ್ನಾರು, ಯಾರಿದ್ದಾರೆ ಹೇಳಿ?"

"ಈ ವರ್ಷ ಇಳಿದ್ರೆ ಬರೋ ವರ್ಷ ಎಲ್ಲಿಂದ ಬರುತ್ತೆ ಸಾರ್?" ಎಂದು ಕ್ಯಾಪ್ಟನ್ ಕೇಳಿದಳು. ಅವಳು ಲಕ್ಕೂರಿನವಳು, ನಮ್ಮಲ್ಲೇ ಎತ್ತರ, ಬಾಯಿಯೂ ಅಷ್ಟೇ.

"ಅದೇ ನಮ್ಮ ಕಷ್ಟ ತಲ್ಲೀ," ಎಂದು ನಕ್ಕು, ಕೊರಳಲ್ಲಿದ್ದ ಸ್ಟಾಪ್‌ವಾಚ್ ತೆಗೆದು ನನ್ನ ಕೈಗಿಟ್ಟರು. "ಅವಳು ಒಳಗಿರೋವಾಗ ನೀನು ಹೊರಗಿರ್ತೀಯ. ಲೆಕ್ಕ ಅಂದ್ರೆ ನೀನೇ. ಇಟ್ಕೋ."

"ಒಳ್ಳೇ ಕೆಲ್ಸ ಸಿಕ್ತು ಕಣೇ ನಿಂಗೆ," ಎಂದಳು ಕ್ಯಾಪ್ಟನ್. "ಸವತಿ ಸಂಸಾರಕ್ಕೆ ಗಂಟೆ ಹೊಡೆಯೋದು!"

ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು, ಅರ್ಥವಾಗದಿದ್ದರೂ.

ಹಾಗೆ ಆ ಇಡೀ ಲೀಗ್ ನಾನು ನನ್ನ ಜಾಗದಲ್ಲಿ ಅವಳು ಕಳೆದ ಹೊತ್ತನ್ನು ಅಳೆಯುತ್ತಾ ಕೂತೆ. ಶಿಳ್ಳೆ ಬಿದ್ದರೆ ನಿಲ್ಲಿಸುತ್ತಿದ್ದೆ, ಆಟ ಶುರುವಾದರೆ ಒತ್ತುತ್ತಿದ್ದೆ. ಚೆಂಡು ಮೋರಿಗೆ ಬಿದ್ದು ಯಾರೋ ತರಲು ಓಡಿದಾಗಲೂ ಅವಳ ಸಮಯ ಓಡಲು ಬಿಡುತ್ತಿರಲಿಲ್ಲ. ಇದು ಒಳ್ಳೆಯತನವಲ್ಲ. ತಪ್ಪು ಅಂಕಿ ಬರೆದರೆ ನನಗೆ ಆ ಪುಟ ತೆರೆಯಲಾಗುವುದಿಲ್ಲ, ಅಷ್ಟೇ.

ನಾನು ಚೆಂಡು ಕಳೆದುಕೊಂಡರೆ ಕೋಚ್ "ಏಂ ಚೇಸ್ತುನ್ನಾವಮ್ಮಾ, ಏನ್ ಮಾಡ್ತಿದ್ದೀಯ!" ಎಂದು ಅಂಗಳ ನಡುಗುವಂತೆ ಕೂಗುತ್ತಿದ್ದರು. ಅವಳು ಕಳೆದುಕೊಂಡರೆ "ಪರವಾಗಿಲ್ಲ ಪಾಪಾ, ಇನ್ನೊಂದ್ಸಲ." ನನ್ನದು ತಪ್ಪು, ಅವಳದು ಕಲಿಕೆ. ನನಗೂ ಹದಿನೇಳು ವಯಸ್ಸಾಗಿತ್ತು. ಆಗ ಯಾರೂ ನನಗೆ ಹತ್ತು ನಿಮಿಷ ಎತ್ತಿಟ್ಟಿರಲಿಲ್ಲ.

ಒಂದು ಸಂಜೆ ಅವಳು ಹತ್ತಿರ ಬಂದು ಕೇಳಿದಳು. "ಅಕ್ಕಾ, ಎಡಗೈಲಿ ಚೆಂಡು ಹಿಡಿದು ಹಂಗೆ ತಿರುಗ್ತೀರಲ್ಲ, ಹೆಂಗೆ?"

ಒಂದೇ ಸಲ, ಬೇಕೆಂದೇ ಬೇಗ ತೋರಿಸಿದೆ. ಮುಂದಿನ ವಾರದ ಹೊತ್ತಿಗೆ ಅವಳು ಅದನ್ನು ಮಾಡುತ್ತಿದ್ದಳು, ನನಗಿಂತ ತಗ್ಗಿ, ನನಗಿಂತ ಸಲೀಸಾಗಿ. ನನಗೆ ಅದು ಬರಲು ಒಂದು ವರ್ಷ ಹಿಡಿದಿತ್ತು. ಶುರು ಮಾಡಿದ ತಾರೀಖೂ ಬಂದ ತಾರೀಖೂ ಡೈರಿಯಲ್ಲಿವೆ.

ಕೊನೆಯ ಪಂದ್ಯ ಕೋಲಾರದಲ್ಲಿ, ಬೆಂಗಳೂರಿನ ಒಂದು ಬ್ಯಾಂಕಿನ ತಂಡದ ಮೇಲೆ. ಗೆದ್ದರೆ ಉಳಿಯುತ್ತೇವೆ, ಸೋತರೆ ಇಳಿಯುತ್ತೇವೆ. ಮೊದಲರ್ಧದಲ್ಲಿ ಅವಳು ಆರು ನಿಮಿಷ ಆಡಿ ಮೂರು ಸಲ ಚೆಂಡು ಬಿಟ್ಟುಕೊಟ್ಟಳು. ಕೋಚ್ ಅವಳನ್ನು ಹೊರಗೆ ಕರೆದು ನನ್ನನ್ನು ಕಳಿಸಿದರು. ಆಮೇಲೆ ನಾನು ಆಡಿದ್ದು ಆ ವರ್ಷದ ನನ್ನ ಅತ್ಯುತ್ತಮ ಆಟ. ಯಾರು ಎಲ್ಲಿದ್ದಾರೆಂದು ನೋಡದೆಯೇ ತಿಳಿಯುತ್ತಿತ್ತು. ನಾಲ್ಕು ನಿಮಿಷ ಉಳಿದಿದ್ದಾಗ ನಾವು ಎರಡು ಪಾಯಿಂಟ್ ಮುಂದಿದ್ದೆವು. ಕೋಚ್ ಟೈಮ್‌ಔಟ್ ತೆಗೆದುಕೊಂಡರು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ನನ್ನ ಕಡೆ ತಿರುಗಿದರು.

"ಪಾಪಂದು ಎಷ್ಟು ಬಾಕಿ?"

ಒಂದು ಅಂದಿದ್ದರೂ ನಂಬುತ್ತಿದ್ದರು. ಕ್ಯಾಪ್ಟನ್ ನನ್ನ ಕಾಲು ತುಳಿದಳು.

"ನಾಲ್ಕು," ಎಂದೆ.

ಅಂಕಿ ಸರಿಯಾಗಿತ್ತು, ಮನಸ್ಸು ಸರಿಯಾಗಿರಲಿಲ್ಲ. ಹೋಗಲಿ, ಇಷ್ಟು ಜನರ ಮುಂದೆ ಚೆಂಡು ಬಿಡಲಿ, ಹತ್ತು ನಿಮಿಷ ಅಂದರೆ ಏನೆಂದು ಇವರಿಗೆ ಗೊತ್ತಾಗಲಿ ಎಂದುಕೊಂಡೇ ಹೇಳಿದೆ.

"ಬೇಡ ಸಾರ್," ಕ್ಯಾಪ್ಟನ್ ಅಂಗಲಾಚಿದಳು. "ಮ್ಯಾಚ್ ಮುಗಿದ್ಮೇಲೆ ಬೇಕಾದ್ರೆ ನಾನೇ ಅವಳ ಜೊತೆ ನಲವತ್ತು ನಿಮಿಷ ಆಡ್ತೀನಿ."

"ಎಲ್ಲಾರ ಮುಂದೆ ಹೇಳಿದ್ದೀನಮ್ಮಾ," ಎಂದರು ಕೋಚ್. "ಪಾಪಾ, ನಡಿ."

ನಾನು ಬೆಂಚಿಗೆ ಬಂದು ವಾಚ್ ಒತ್ತಿದೆ. ಅವಳ ಕೈಗೆ ಬಂದ ಮೊದಲ ಚೆಂಡೇ ಹೋಯಿತು. ಬ್ಯಾಂಕಿನವರು ಅದನ್ನು ಬುಟ್ಟಿಗೆ ಹಾಕಿದರು, ಸಮ ಸಮ. ನನ್ನೊಳಗೆ ಬಿಸಿ ಚಹಾ ಇಳಿದ ಹಾಗೆ ಹಿತವಾಯಿತು. ಆಮೇಲೆ ಆಟ ಅತ್ತಿತ್ತ ಓಲಾಡಿ, ಕೊನೆಗೆ ನಾವು ಒಂದು ಪಾಯಿಂಟ್ ಹಿಂದೆ ಬಿದ್ದೆವು. ಇದು ಹೀಗೇ ಮುಗಿದರೆ ನಾನು ಗಂಟುಮೂಟೆ ಕಟ್ಟಿ ಮುಳಬಾಗಿಲಿಗೆ ಹೋಗುತ್ತೇನೆ, ಅವಳೊಬ್ಬಳೇ ಅಲ್ಲ. ಅದು ಚೆನ್ನಾಗಿ ಗೊತ್ತಿತ್ತು. ಆದರೂ ಹಿತವೇ ಹೆಚ್ಚಾಗಿತ್ತು.

ಕೊನೆಯ ಕ್ಷಣದಲ್ಲಿ ಯಾರೋ ಅವಳ ತೋಳಿಗೆ ಹೊಡೆದರು. ಶಿಳ್ಳೆ. ಎರಡು ಫ್ರೀ ಥ್ರೋ, ಒಂದೊಂದಕ್ಕೂ ಒಂದು ಪಾಯಿಂಟ್. ಕೋಚ್ ಕಣ್ಣು ಮುಚ್ಚಿಕೊಂಡರು. ಅವಳು ಗೆರೆಯ ಹಿಂದೆ ನಿಂತು ಚೆಂಡು ಊದಿದಳು. ಬೀಳಬಾರದು, ಬೀಳಬಾರದು ಎಂದು ನಾನು ಒಳಗೊಳಗೇ ಅನ್ನುತ್ತಿದ್ದೆ. ನನ್ನ ಅನ್ನಕ್ಕೆ ನಾನೇ ಕೇಡು ಬಯಸುತ್ತಿದ್ದೆ. ಮೊದಲನೆಯದು ರಿಂಗಿನ ಮೇಲೆ ಸುತ್ತಿ ಒಳಗೆ ಬಿತ್ತು. ಎರಡನೆಯದು ರಿಂಗಿನವರೆಗೂ ಹೋಗಲಿಲ್ಲ. ಸ್ಕೋರ್ ಸಮವಾಗಿಯೇ ಸಮಯ ಮುಗಿದು, ಇನ್ನೂ ಐದು ನಿಮಿಷ ಕೊಟ್ಟರು.

"ಪಾಪಂದು?"

"ಮುಗೀತು ಸಾರ್."

"ಹಂಗಾದ್ರೆ ನೀನು ಹೋಗಮ್ಮಾ."

ಹೊರಗೆ ಬರುತ್ತಿದ್ದವಳು ನನ್ನ ಕೈ ಹಿಡಿದಳು. "ಅಕ್ಕಾ, ನಿಮ್ಮನ್ನ ಕಾಯೋ ಆ ಬ್ಯಾಂಕಿನೋಳಿಗೆ ಎಡಗೈ ಬರಲ್ಲ. ಯಾವಾಗ್ಲೂ ಬಲಕ್ಕೇ ತಿರುಗ್ತಾಳೆ. ನೋಡ್ಕೊಳ್ಳಿ."

ಅಷ್ಟು ಹೊತ್ತು ಆ ಬ್ಯಾಂಕಿನವಳ ಎದುರು ಆಡಿದ ನಾನು ಅದನ್ನು ಗಮನಿಸಿರಲಿಲ್ಲ. ಬಲಕ್ಕೆ ತಿರುಗುವುದನ್ನೇ ಕಾದು ಎರಡು ಸಲ ಚೆಂಡು ಕಸಿದೆ. ಕೊನೆಗೆ ನನಗೂ ಫ್ರೀ ಥ್ರೋ ಸಿಕ್ಕಿತು, ಎರಡೂ ಬಿದ್ದವು. ನಾಲ್ಕು ಪಾಯಿಂಟಿನಿಂದ ಗೆದ್ದೆವು.

ಬಸ್ಸಿನಲ್ಲಿ ಕ್ಯಾಪ್ಟನ್ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದಳು. "ಏನೇ, ನೀನೂ ಚೆಂಡು ಊದೋಕೆ ಶುರು ಮಾಡ್ದೆ?"

"ನಾನಾ? ಇಲ್ಲಪ್ಪ."

"ಎರಡು ಸಲವೂ ಊದ್ದೆ ಕಣೇ. ಎಲ್ಲಾರೂ ನೋಡಿದ್ವಿ."

ಕಿವಿ ಬಿಸಿಯಾಯಿತು. ಮುಂದಿನ ಸೀಟಿನಲ್ಲಿದ್ದ ಕೋಚ್ ಹಿಂತಿರುಗಿ, "ಮ್ಯಾನೇಜರ್ ಫೋನ್ ಮಾಡಿದ್ರು. ಎಲ್ಲಾರ್ದೂ ಇನ್ನೊಂದು ವರ್ಷ," ಎಂದರು. ಕೂಗಾಟ ಇಳಿದ ಮೇಲೆ ನನಗೊಬ್ಬಳಿಗೇ ಕೇಳುವಂತೆ ಸೇರಿಸಿದರು. "ಬರೋ ವರ್ಷ ಪಾಪಂಗೆ ಇಪ್ಪತ್ತು. ವಾಚ್ ನಿನ್ನ ಹತ್ರಾನೇ ಇರ್ಲಿ."

ಪಂದ್ಯಕ್ಕೆ ನಲವತ್ತು ನಿಮಿಷ. ಉಳಿದಿದ್ದು ಎಷ್ಟೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಡೈರಿ ತೆಗೆದು ಆ ದಿನದ ಎರಡು ಸಾಲು ಬರೆದೆ. ಪಕ್ಕದಲ್ಲಿ ಅವಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ತಲೆ ನನ್ನ ಭುಜಕ್ಕೆ ಜಾರುತ್ತಿತ್ತು. ಎರಡು ಸಲ ಸರಿಸಿದೆ. ಮೂರನೆಯ ಸಲ ಬಿಟ್ಟೆ.

ಸೋಮವಾರ ಬೆಳಿಗ್ಗೆ, ಯಾರೂ ಏಳುವ ಮುಂಚೆ ಒಬ್ಬಳೇ ಅಭ್ಯಾಸ ಮಾಡಬೇಕೆಂದು ಅಂಗಳಕ್ಕೆ ಹೋದೆ. ಅವಳಿಗೆ ಬಾರದ್ದು ಒಂದಾದರೂ ನನಗೆ ಬರಬೇಕಿತ್ತು. ಗೇಟು ಆಗಲೇ ತೆರೆದಿತ್ತು. ಒಳಗೆ ಅವಳು ಫ್ರೀ ಥ್ರೋ ಗೆರೆಯ ಹಿಂದೆ ನಿಂತು ಚೆಂಡಿನ ಧೂಳು ಊದುತ್ತಿದ್ದಳು.