ಚಪ್ಪಲಿ ಕಾದವನ ರೋಮ್

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ನಮ್ಮ ಕಟ್ಟಡದಲ್ಲಿ ನಾನು ಯುರೋಪ್ ಬಲ್ಲವನೆಂದು ಹೆಸರಾಗಿದ್ದೇನೆ. ಹೋಗಿದ್ದು ಒಂದೇ ಸಲ, ಅದೂ ರೋಮ್ ಒಂದಕ್ಕೇ. ಹಾಳೂರಿಗೆ ಉಳಿದವನೇ ಗೌಡ. ರಜೆಯ ಸಂಜೆ ಸೂಕ್ ವಾಕಿಫ್‌ನ ಹಳೇ ಪೇಟೆಯಲ್ಲಿ ಚಹಾ ಹೀರುವಾಗ ಯಾರಾದರೂ ರೋಮ್ ಎಂದರೆ ಸಾಕು, ಕೊಲೋಸಿಯಮ್ಮನ್ನೂ ಪ್ಯಾಂಥಿಯನ್ನನ್ನೂ ತಕ್ಕಡಿಗೆ ಹಾಕಿ ತೂಗತೊಡಗುತ್ತೇನೆ.

ಮನುಷ್ಯರು ಬಡಿದಾಡಿ ಸಾಯುವುದನ್ನು ಸಾವಿರಾರು ಜನ ಕೂತು ನೋಡಿದ ಜಾಗ ಕೊಲೋಸಿಯಮ್. ಎಲ್ಲ ದೇವರಿಗೂ ಸೇರಿಸಿ ಕಟ್ಟಿದ ಗುಡಿ ಪ್ಯಾಂಥಿಯನ್. ಆಟ ನಿಂತ ಮೇಲೆ ಊರವರು ಕೊಲೋಸಿಯಮ್ಮಿನ ಕಲ್ಲು ಕಿತ್ತು ಬೇರೆ ಕಟ್ಟಡ ಕಟ್ಟಿಕೊಂಡರು. ಗುಡಿ ಮಾತ್ರ ಇಗರ್ಜಿಯಾಗಿ ಗಟ್ಟಿಯಾಗಿ ನಿಂತಿದೆ. ದೇವರು ಬದಲಾದರೂ ದೀಪ ಹಚ್ಚುವವರು ಇದ್ದರಲ್ಲ, ಅಷ್ಟೇ ಗುಟ್ಟು. ಇಷ್ಟು ಹೇಳಿ ನಾನು ಇನ್ನೊಂದು ಚಹಾ ತರಿಸುತ್ತೇನೆ.

ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಪ್ಯಾಂಥಿಯನ್ನಿನೊಳಗೆ ನಾನು ಕಾಲಿಟ್ಟೇ ಇಲ್ಲ. ಬಾಗಿಲ ಹತ್ತಿರ ಹೋದಾಗ ಅದು ಹಿಂದೆ ಗುಡಿಯಾಗಿತ್ತೆಂದು ನಾನೇ ಬಾಯಿಬಿಟ್ಟೆ. ಉಡುಪಿಯಿಂದ ಬಂದಿದ್ದ ನಮ್ಮ ಅತ್ತೆ ತಕ್ಷಣ ಚಪ್ಪಲಿ ಕಳಚಿದರು, ಹೆಂಡತಿಯೂ ಕಳಚಿದಳು. “ಸ್ವಲ್ಪ ನೋಡ್ಕೊಳ್ಳಿ ಆಯ್ತಾ” ಎಂದು ಇಬ್ಬರೂ ಕಾಲುಚೀಲದಲ್ಲೇ ಒಳಗೆ ನಡೆದರು. ಎದುರಿನ ಕಾರಂಜಿಯ ಮೆಟ್ಟಿಲಲ್ಲಿ ಎರಡು ಜೊತೆ ಚಪ್ಪಲಿ ಕಾಯುತ್ತ ಒಂದು ಗಂಟೆ ಕೂತೆ. ಅವನ್ನು ಕದಿಯಲು ಇಟಲಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಅವರು ಹೊರಬರುವ ಹೊತ್ತಿಗೆ ರೈಲಿನ ಸಮಯವಾಗಿತ್ತು. ಒಳಗಿನ ವರ್ಣನೆಯೆಲ್ಲ ಅತ್ತೆಯಿಂದ ಕಡ ತಂದದ್ದು.

ಹೀಗಿರುವಾಗ ಕೆಳಮನೆಯ ಬಸವರಾಜ್ ತಾಯಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಬಾಗಲಕೋಟೆಯವರು, ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಪಾಳಿಯ ಕೆಲಸ. “ಸರ್, ಯುರೋಪ್ ಟೂರ್ ಹೊಂಟೀವಿ, ರೋಮ್‌ನಾಗ ನಮಗ ಅರ್ಧಾ ದಿನಾ ಅಷ್ಟ ಸಿಗತೈತಿ. ಅವ್ವಗ ಮೊಣಕಾಲು ಬ್ಯಾನಿ, ಒಂದ ಜಾಗಾ ನೋಡಾಕ ಆಗೂದು. ಯಾವ್ದು ನೋಡೂಣ್ರೀ?”

“ಪ್ಯಾಂಥಿಯನ್” ಎಂದೆ. ಹತ್ತುವ ಗೋಜಿಲ್ಲ, ಗುಮ್ಮಟದ ನಡುವೆ ಆಕಾಶ ಕಾಣುವ ದೊಡ್ಡ ತೂತು, ಅದರಿಂದ ಇಳಿಯುವ ಬಿಸಿಲು. ನಾನು ರಂಗೇರುತ್ತಿದ್ದಾಗ ಅವ್ವ ಕೇಳಿದರು, “ಅಲ್ಲೋ ತಮ್ಮಾ, ಮಳಿ ಬಂದ್ರ ಆ ನೀರು ಎಲ್ಲಿ ಹೋಕ್ಕೈತಿ?”

ಅತ್ತೆ ಅದನ್ನು ಹೇಳಿರಲಿಲ್ಲ. ಹೆಂಡತಿ ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ಹಿರಿಯ ಜೀವ ಇನ್ನೊಮ್ಮೆ ರೋಮಿಗೆ ಹೋಗುವುದಿಲ್ಲ, ಇರುವ ಅರ್ಧ ದಿನವನ್ನು ನನ್ನ ಮಾತು ನಂಬಿ ಕಳೆಯಲು ಹೊರಟಿದೆ. ನನಗೆ ನಾಚಿಕೆಯಾಯಿತು.

“ಗೊತ್ತಿಲ್ಲ ಅಮ್ಮ. ನಾನು ಒಳಗೇ ಹೋಗ್ಲಿಲ್ಲ, ಹೊರಗೆ ಚಪ್ಪಲಿ ಕಾಯ್ತಿದ್ದೆ.”

ಬಸವರಾಜ್ ಗೋಡೆ ಕಡೆ ತಿರುಗಿ ನಕ್ಕರು. ಅವ್ವ ನಗಲಿಲ್ಲ. “ಹಂಗಾರ ನಾನ ನೋಡ್ಕೊಂಡ ಬಂದು ಹೇಳ್ತೀನಿ ತಗೋ” ಎಂದರು.

ಹೇಳಿದಂತೆ, ಪ್ರವಾಸದಿಂದ ಬಂದ ಮರುದಿನವೇ ಅವ್ವ ಮಗ ಸೊಸೆಯೊಂದಿಗೆ ಮೇಲೆ ನಮ್ಮಲ್ಲಿಗೆ ಬಂದರು. “ನೆಲದಾಗ ಸಣ್ಣ ಸಣ್ಣ ತೂತು ಅದಾವೋ ತಮ್ಮಾ, ನೀರು ಅಲ್ಲೇ ಇಳಿತೈತಿ.” ಅವರೂ ಸೊಸೆಯೂ ಚಪ್ಪಲಿ ಬಿಟ್ಟೇ ಹೋಗಿದ್ದರಂತೆ. ನನಗೊಬ್ಬ ಜೊತೆಗಾರ ಸಿಕ್ಕನೆಂಬ ಸಮಾಧಾನದಲ್ಲಿ ಬಸವರಾಜ್‌ಗೆ, “ಪಾಪ, ನೀವೂ ಹೊರಗೇ ಉಳಿದ್ರಾ?” ಎಂದೆ.

“ಯಾಕ್ರೀ ಸರ್? ಪಾಳಿ ಹಚ್ಚಿದ್ವಿ. ಮೊದಲ ಇವರಿಬ್ರೂ ನೋಡ್ಕೊಂಡ ಬಂದ್ರು. ಆಮ್ಯಾಲ ಇಕಿ ಚಪ್ಪಲ್ ಕಾಯಾಕ ಕುಂತ್ಲು, ನಾ ಒಳಗ ಹೋದೆ. ಅವ್ವ ನನ್ ಜೋಡಿ ಮತ್ತೊಮ್ಮಿ ಬಂದ್ಲು, ಓವರ್‌ಟೈಮ್.”

ಹೆಂಡತಿಯತ್ತ ನೋಡಿದೆ. “ನೀವು ಕೇಳ್ಲೇ ಇಲ್ಲ ಅಲ್ಲ ಮಾರಾಯ್ರೆ. ಕೇಳಿದ್ರೆ ನಾನು ಕೂತ್ಕೊಳ್ತಿದ್ದೆ” ಎಂದಳು. ಇಷ್ಟು ವರ್ಷ ಅತ್ತೆಯ ಭಕ್ತಿಯನ್ನು ದೂರಿ, ನನ್ನ ತ್ಯಾಗವನ್ನು ನಾನೇ ಮೆಚ್ಚಿಕೊಂಡಿದ್ದು ದಂಡವಾಯಿತು.

ಈಗಲೂ ಕೊಲೋಸಿಯಮ್ ದೊಡ್ಡದೋ ಪ್ಯಾಂಥಿಯನ್ ದೊಡ್ಡದೋ ಎಂದು ಕೇಳುವವರಿದ್ದಾರೆ. ಎರಡೂ ದೊಡ್ಡದೇ ಎನ್ನುತ್ತೇನೆ. ಹೊರಡುವ ಮೊದಲು ಚಪ್ಪಲಿ ಕಾಯುವ ಪಾಳಿ ಮಾತಾಡಿಕೊಳ್ಳಿ.